ಬೇಡವೆಂದವರ ಬಟ್ಟಲು

ನಮ್ಮ ಅಡುಗೆಮನೆಯ ಕಿಟಕಿಯ ಪಕ್ಕದ ಮೊಳೆಗೆ ಒಂದು ಸ್ಟೀಲಿನ ಚಿಮಟ ನೇತಾಡುತ್ತಿದೆ. ಒಲೆಯಿಂದ ಕೆಂಡ ತೆಗೆಯುವಂಥದ್ದಲ್ಲ. ಮೊಣಕೈಯಷ್ಟು ಉದ್ದ, ತುದಿಯಲ್ಲಿ ಚಿಪ್ಪಿನ ಹಾಗೆ ಬಾಗಿದ ಎರಡು ಬಾಯಿ. ಹಿಡಿದು ಒತ್ತಿದರೆ ಏಡಿಯ ಹಾಗೆ ಟಕ್ ಟಕ್ ಎನ್ನುತ್ತದೆ. ಎಷ್ಟೋ ಸಮುದ್ರ ದಾಟಿ, ಎಷ್ಟೋ ದೇಶದ ಸಾಹುಕಾರರ ಬಟ್ಟಲಿಗೆ ಸೊಪ್ಪು ಹಾಕಿ ಬಂದ ಚಿಮಟ ಅದು. ಈಗ ಪರ್ಕಳದ ನಮ್ಮ ಮನೆಯಲ್ಲಿ ನಿವೃತ್ತಿ ಜೀವನ ನಡೆಸುತ್ತಿದೆ. ನಾನು ಅದರಲ್ಲಿ ಹಪ್ಪಳ ಮಗುಚುತ್ತೇನೆ, ಅಟ್ಟದ ಡಬ್ಬ ಎಳೆಯುತ್ತೇನೆ, ವಾಷಿಂಗ್ ಮೆಷಿನ್ನಿನ ಹಿಂದೆ ಬಿದ್ದ ಕಾಲುಚೀಲ ಹೆಕ್ಕುತ್ತೇನೆ. ಮುಖ ಸಿಂಡರಿಸಬೇಡಿ, ನಡುವೆ ತೊಳೆಯುತ್ತೇನೆ.

ಚಿಮಟ ತಂದವನು ನನ್ನ ತಮ್ಮ ಪದ್ಮನಾಭ. ನಮಗೆಲ್ಲ ಪದ್ದು. ನಮ್ಮ ಕಡೆ ಒಬ್ಬ 'ಶಿಪ್ಪಿನಲ್ಲಿದ್ದಾನೆ' ಎಂದರೆ ಸಾಕು, ಅವನು ಅಲ್ಲಿ ಚುಕ್ಕಾಣಿ ಹಿಡಿಯುತ್ತಾನೋ ನೆಲ ಒರಸುತ್ತಾನೋ ಎಂದು ಯಾರೂ ಕೇಳುವುದಿಲ್ಲ. ಶಿಪ್ಪು ಎಂಬುದೇ ಒಂದು ಪದವಿ. ಪದ್ದು ಇರುವುದು ಪ್ರವಾಸಿಗರನ್ನು ಸುತ್ತಿಸುವ ದೊಡ್ಡ ಹಡಗಿನಲ್ಲಿ. ಕೆಲಸ, ಸಲಾಡ್ ಕೌಂಟರಿನ ಹಿಂದೆ ನಿಲ್ಲುವುದು.

ಅದೆಂತ ಕೌಂಟರ್ ಎಂದು ನನಗೂ ಮೊದಲಿಗೆ ತಿಳಿಯಲಿಲ್ಲ. ಅವನು ವಿವರಿಸಿದ್ದು ಹೀಗೆ: ಮಂಜುಗಡ್ಡೆಯ ಮೇಲೆ ಸಾಲಾಗಿ ಪಾತ್ರೆಗಳು. ಅದರಲ್ಲಿ ಸೊಪ್ಪುಗಳು, ಸೌತೆ, ಟೊಮೆಟೊ, ಬೇಯಿಸಿದ ಕಾಳು, ಹಣ್ಣಿನ ಚೂರು, ಚೀಸು. ಮೇಲೆ ಒಂದು ಗಾಜಿನ ಅಡ್ಡ, ತಿನ್ನುವವರು ಸೀನಿದರೆ ಒಳಗೆ ಬೀಳಬಾರದೆಂದು. ಜನ ಕ್ಯೂ ನಿಂತು ಬೆರಳು ತೋರಿಸುತ್ತಾರೆ: ಇದು ಹಾಕು, ಅದು ಹಾಕಬೇಡ, ಇದು ಅರ್ಧ, ಅದರ ನೀರು ಹಿಂಡಿ ಹಾಕು. ಇವನು ಅವರು ಹೇಳಿದ ಹಾಗೆ ಬಟ್ಟಲಿಗೆ ಹಾಕಿ, ಕಲಸಿ, ನಕ್ಕು, ಕೊಡಬೇಕು.

"ಅಡುಗೆ ಯಾವಾಗ ಮಾಡುದು ಮತ್ತೆ?" ಎಂದು ಕೇಳಿದೆ.

"ಅಡುಗೆ ಇಲ್ಲ ಅಕ್ಕ. ಇಷ್ಟೇ."

"ಬೇಯಿಸ್ಲಿಕ್ಕೂ ಇಲ್ಲ, ಒಗ್ಗರಣೆಯೂ ಇಲ್ಲ?"

"ಇಲ್ಲ."

"ಇದಕ್ಕೆ ಅವರು ಟಿಕೆಟ್ ತೆಗೆದು ಸಮುದ್ರದ ಮಧ್ಯಕ್ಕೆ ಬರ್ತಾರಾ?"

ಬರುತ್ತಾರಂತೆ. ಒಬ್ಬಳು ಅಮ್ಮ ಪ್ರತಿದಿನ ಬಂದು ಸೊಪ್ಪಿಲ್ಲದ ಸಲಾಡು ಕೇಳುತ್ತಿದ್ದಳಂತೆ. ಸೊಪ್ಪು ಬೇಡ, ಸೌತೆ ಬೇಡ, ಟೊಮೆಟೊ ಬೇಡ. ಹುರಿದ ಬ್ರೆಡ್ಡಿನ ಚೂರು, ಚೀಸು, ಮೇಲೆ ಕೆನೆಯಂಥದ್ದು ಧಾರಾಳ. ಅದನ್ನು ಬಟ್ಟಲು ತುಂಬ ತಿಂದು, 'ನಾನು ಮಧ್ಯಾಹ್ನ ಬರೇ ಸಲಾಡು' ಎಂದು ಪಕ್ಕದವರಿಗೆ ಹೇಳುತ್ತಿದ್ದಳಂತೆ. ಇನ್ನೊಬ್ಬ ಯಜಮಾನರು ಎಲ್ಲ ಪಾತ್ರೆಗಳನ್ನು ಜೋಯಿಸರು ಜಾತಕ ನೋಡುವ ಹಾಗೆ ನೋಡಿ, ಹಿಂದಿನವರೆಲ್ಲ ನಿಂತು ನಿಂತು ಸೋತ ಮೇಲೆ, ಒಂದು ಮೂಲಂಗಿ ಬಿಲ್ಲೆ ತೆಗೆದುಕೊಂಡು ಕೇಕಿನ ಕಡೆಗೆ ನಡೆಯುತ್ತಿದ್ದರಂತೆ. ಸೌತೆಯ ಬಿಲ್ಲೆ ನಿನ್ನೆಗಿಂತ ದಪ್ಪವಾಗಿದೆ ಎಂದು ಮೇಲಧಿಕಾರಿಗೆ ದೂರು ಕೊಟ್ಟವರೂ ಉಂಟಂತೆ. ಮನೆಯಲ್ಲಿ ಎಲ್ಲವನ್ನೂ ತೀರ್ಮಾನಿಸುವವರು ಬೇರೆ ಯಾರೋ ಇರಬೇಕು, ಪಾಪ, ಇಲ್ಲಿ ಒಂದು ಬಟ್ಟಲಿನ ಮೇಲಾದರೂ ದರ್ಬಾರು ನಡೆಸುತ್ತಾರೆ ಎಂದು ನಾನು ಅಂದುಕೊಂಡೆ.

ಪದ್ದುವಿನ ಬಾಲ್ಯ ನೆನೆದರೆ ನನಗೆ ಇದು ಇನ್ನೂ ಸೋಜಿಗ. ನಾವು ಬೆಳೆದದ್ದು ಕಾಪುವಿನಲ್ಲಿ, ಕಡಲಿನ ಸದ್ದಿಗೆ ದನಿ ಏರಿಸಿ ಮಾತಾಡುವ ಮನೆಯಲ್ಲಿ. ಅಪ್ಪ ದೋಣಿಗೆ ಹೋಗುತ್ತಿದ್ದರು. ಕಡಲು ಕೊಟ್ಟದ್ದು ಸಾರು, ಅಮ್ಮ ಬಡಿಸಿದ್ದು ಊಟ. ಬಂಗುಡೆ ಬಂದರೆ ಬಂಗುಡೆ, ಬೂತಾಯಿ ಬಂದರೆ ಬೂತಾಯಿ, ಮಳೆಗಾಲದಲ್ಲಿ ಒಣಮೀನಿನ ಚಟ್ನಿಯೂ ಗಂಜಿಯೂ. ಎಂತ ಬೇಕು ಎಂದು ಅಮ್ಮ ಕೇಳಿದ್ದು ನನಗೆ ನೆನಪಿಲ್ಲ. ಕೇಳಿದ್ದರೆ ಅದು ನಮಗೆ ಜ್ವರ ಬಂದ ದಿನವೇ ಇರಬೇಕು. ಹಸಿ ತರಕಾರಿ ಎಂದರೆ ಆಡಿನ ಮೇವು. ಮುಳ್ಳುಸೌತೆಗೆ ಉಪ್ಪು ಮೆಣಸಿನ ಪುಡಿ ಹಚ್ಚಿ ತಿಂದದ್ದುಂಟು, ಮಾವಿನ ಮಿಡಿ ಕದ್ದು ತಿಂದದ್ದುಂಟು, ದೇವಸ್ಥಾನದ ಊಟದಲ್ಲಿ ಎಲೆಯ ಮೂಲೆಗೆ ಬಿದ್ದ ಒಂದು ಚಮಚ ಕೋಸಂಬರಿ ಉಂಟು. ಆ ಒಂದು ಚಮಚವನ್ನು ಎರಡನೆಯ ಸಲ ಕೇಳಿದವರನ್ನು ನಾನು ಕಂಡಿಲ್ಲ.

ಇನ್ನೊಂದು ವಿದ್ಯೆ ಅಮ್ಮ ನಮಗೆ ಚೆನ್ನಾಗಿ ಕಲಿಸಿದ್ದರು. ಬೇರೆಯವರ ಮನೆಯಲ್ಲಿ ಎಂತ ಬಡಿಸಲು ಬಂದರೂ ಬೇಡ ಎನ್ನಬೇಕು. ಮತ್ತೊಮ್ಮೆ ಬಂದರೆ ಮತ್ತೊಮ್ಮೆ ಬೇಡ ಎನ್ನಬೇಕು. ಆಮೇಲೆ ಎಲೆಗೆ ಕೈ ಅಡ್ಡ ಹಿಡಿಯಬೇಕು, ಆದರೆ ಬೆರಳುಗಳ ನಡುವೆ ಸೌಟು ತೂರುವಷ್ಟು ಜಾಗ ಬಿಟ್ಟು. ಅಲ್ಲಿಗೆ ಬಡಿಸುವವರು ಹಾಕುತ್ತಾರೆ, ತಿನ್ನುವವರು 'ಅಯ್ಯೋ, ಎಷ್ಟು ಹಾಕಿದ್ರಿ!' ಎನ್ನುತ್ತಾರೆ, ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಬೇಕು ಎಂದು ಬಾಯಿಬಿಟ್ಟು ಹೇಳುವವನು ಗತಿಗೆಟ್ಟವನು. ಬೇಡ ಎಂದದ್ದನ್ನು ನಂಬಿ ಪಾತ್ರೆ ಒಳಗೊಯ್ಯುವವನು ಜಿಪುಣ.

ನಮ್ಮವರು ಹೊಸ ಅಳಿಯನಾಗಿ ಕಾಪುವಿಗೆ ಬಂದಾಗ ಅವರ ಹೊಟ್ಟೆ ನಿಜವಾಗಿಯೂ ಕೆಟ್ಟಿತ್ತು. ನೀರುದೋಸೆ ಬೇಡ ಎಂದರು. ಅಮ್ಮ ಹಾಕಿದರು. ಕೈಮುಗಿದು ಬೇಡ ಎಂದರು. ಅಳಿಯ ಎಷ್ಟು ಸಂಸ್ಕಾರವಂತ ಎಂದು ಅಮ್ಮನಿಗೆ ಕಣ್ಣು ತುಂಬಿ ಬಂತು, ಇನ್ನಷ್ಟು ಹಾಕಿದರು. ಮರುದಿನವಿಡೀ ನಮ್ಮವರು ಚಾಪೆ ಬಿಟ್ಟೇಳಲಿಲ್ಲ. ನಿಜವಾಗಿ ಬೇಡವಾದಾಗ ಹೇಳಲು ನಮ್ಮಲ್ಲಿ ಬೇರೆ ಮಾತೇ ಇಲ್ಲ ಎಂದು ಇವತ್ತಿಗೂ ಹೇಳುತ್ತಾರೆ.

ಹಡಗು ಪದ್ದುವಿಗೆ ಕಲಿಸಿದ್ದು ಇದರ ತಿರುಗುಮುರುಗು. ಅಲ್ಲಿ ಬೇಡ ಎಂದರೆ ಬೇಡ. ಅವನು ಸೇರಿದ ಹೊಸತರಲ್ಲಿ, ಪಕ್ಕದಲ್ಲಿ ನಿಲ್ಲುತ್ತಿದ್ದವನೊಬ್ಬ ಬೀಜ ಬೇಡ ಎಂದ ಹೆಂಗಸಿನ ಬಟ್ಟಲಿಗೆ ಮರೆತು ನಾಲ್ಕು ಬಾದಾಮಿ ಚೂರು ಉದುರಿಸಿದ್ದನಂತೆ. ಆಕೆಯ ಗಂಟಲು ಊದಿ, ಉಸಿರು ಸಿಕ್ಕಿ, ಡಾಕ್ಟರು ಓಡಿ ಬಂದು, ಹೇಗೋ ಬದುಕಿದಳು. ಬಡಿಸಿದವನನ್ನು ಮುಂದಿನ ಬಂದರಿನಲ್ಲಿ ಇಳಿಸಿ ಮನೆಗೆ ಕಳಿಸಿದರು. ಅಂದಿನಿಂದ ಪದ್ದುವಿಗೆ ಗಿರಾಕಿಯ ಬಾಯಿಂದ ಬಂದ 'ಬೇಡ' ಎಂದರೆ ದೈವದ ನುಡಿ.

ಈ ಎರಡು ವಿದ್ಯೆಗಳು ಒಂದಕ್ಕೊಂದು ಡಿಕ್ಕಿ ಹೊಡೆದದ್ದು ನಮ್ಮ ಮನೆಯ ಜಗಲಿಯಲ್ಲಿ.

ಪದ್ದುವಿಗೆ ಮದುವೆ ಆಗಿರಲಿಲ್ಲ. ಹಡಗಿನಿಂದ ಇಳಿದಾಗ ಹುಡುಗಿ ಸಿಗುವುದಿಲ್ಲ, ಹುಡುಗಿ ಸಿಗುವಾಗ ಹಡಗು ಕರೆಯುತ್ತದೆ. ಹೀಗೇ ನಲ್ವತ್ತು ದಾಟಿತು. ಅಮ್ಮ ಈಗ ನಮ್ಮ ಜೊತೆಯೇ ಇದ್ದಾರೆ. ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯುವಾಗ ಅವರ ಬೇಡಿಕೆ ಒಂದೇ. ಆ ಸಲ ಅವನು ರಜೆಗೆ ಬಂದಿದ್ದಾಗ ಬೆಳ್ಮಣ್‌ನಿಂದ ಒಂದು ಸಂಬಂಧ ಬಂತು. ಹುಡುಗಿ ಶೈಲಜಾ. ಹುಡುಗಿ ಎನ್ನುವುದು ರೂಢಿ, ಅವಳಿಗೂ ಮೂವತ್ತೈದು ಕಳೆದಿತ್ತು. ಕಾರ್ಕಳದ ಒಂದು ಸಹಕಾರಿ ಸಂಘದಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಓಡಾಟ. ಪದ್ದು ಅವಳನ್ನು ಒಂದು ಸಲ ಉಡುಪಿಯಲ್ಲಿ ನೋಡಿ ಬಂದವನು ಎರಡು ದಿನ ಚಹಾಕ್ಕೆ ಸಕ್ಕರೆ ಹಾಕಲು ಮರೆತ. ಮೆಚ್ಚಿದ್ದಾನೆ ಎಂದು ನಮಗೆ ಅಷ್ಟರಿಂದಲೇ ತಿಳಿಯಿತು, ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ ಅವನು.

ಆದರೆ ತೀರ್ಮಾನ ಹುಡುಗಿಯ ಸೋದರಮಾವನದು. ನಮ್ಮ ಕಡೆಯ ಕುಟುಂಬಗಳಲ್ಲಿ ಮಾವ ಹ್ಞೂಂ ಎನ್ನದೆ ಎಲೆಯಡಿಕೆ ತಟ್ಟೆ ಅಲುಗುವುದಿಲ್ಲ. ಕಾರ್ಕಳದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಈ ಮಾವ ಫೋನಿನಲ್ಲಿ ನಮ್ಮವರನ್ನು ಕೇಳಿದರು: "ಹುಡುಗ ಶಿಪ್ಪಲ್ಲಿ ಎಂತ ಮಾಡುದು?"

"ಶೆಫ್," ಎಂದರು ನಮ್ಮವರು.

"ನಮಗೆ ಬೇರೆಯೇ ಗೊತ್ತಾದ್ದು. ಸೊಪ್ಪು ಕೊಚ್ಚುದಂತೆ?"

ನಮ್ಮವರಿಗೆ ಇದು ತಡೆಯಲಿಲ್ಲ. "ನೀವೇ ಬಂದು ನೋಡಿ ಮಾವ. ಮನೆ ನೋಡಿದ ಹಾಗೂ ಆಯ್ತು, ಅವನ ಕೈಕೆಲಸ ನೋಡಿದ ಹಾಗೂ ಆಯ್ತು. ಶಿಪ್ಪಲ್ಲಿ ಉಂಟಲ್ಲ, ಹಾಗೆಯೇ ಇಲ್ಲಿ ಮಾಡಿ ತೋರಿಸ್ತಾನೆ," ಎಂದು ಹೇಳಿಯೇ ಬಿಟ್ಟರು.

ಪದ್ದು ತಲೆಯ ಮೇಲೆ ಕೈಹೊತ್ತು ಕುಳಿತ. "ಬಾವ, ಇಲ್ಲಿಯ ಜನಕ್ಕೆ ಅದು ಆಗ್ಲಿಕ್ಕಿಲ್ಲ."

"ಇಲ್ಲಿಯ ಜನಕ್ಕೆ ಎಂತ ಆಗಿದೆ? ಅಮೆರಿಕದವರು ತಿನ್ನುವುದನ್ನು ಕಾರ್ಕಳದವರು ತಿನ್ಲಿಕ್ಕಿಲ್ವಾ?"

ನಾನು ತಡೆಯಬಹುದಿತ್ತು. ಆದರೆ ನನ್ನ ತಮ್ಮ ಗಾಜಿನ ಹಿಂದೆ ಬಿಳಿ ಕೋಟು ಹಾಕಿ ನಿಂತದ್ದನ್ನು ಒಮ್ಮೆ ನೋಡುವ ಚಪಲ ನನಗೂ ಇತ್ತು.

ಮಣಿಪಾಲದ ದೊಡ್ಡ ಅಂಗಡಿಗೆ ಹೋದೆವು. ಅಲ್ಲಿ ಎಲೆಕೋಸಿನ ಬಡ ತಂಗಿಯಂಥ, ಲೆಟ್ಯೂಸ್ ಎಂಬ ಒಂದು ಸೊಪ್ಪಿಗೆ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿ ಏಸಿಯಲ್ಲಿ ಕೂರಿಸಿದ್ದರು. ಕಾಲೇಜಿನ ಹುಡುಗಿಯರು ಕಿವಿಗೆ ತಂತಿ ಸಿಕ್ಕಿಸಿಕೊಂಡು ಅದನ್ನು ತರಕಾರಿಯೇ ಎಂಬಂತೆ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ನಾನು ಚೌಕಾಸಿಗೆ ಬಾಯಿ ತೆರೆದೆ. ಚೌಕಾಸಿ ಮಾಡಲು ಎದುರಿಗೆ ಮನುಷ್ಯರೇ ಇರಲಿಲ್ಲ. ಬಾಟಲಿಯಲ್ಲಿದ್ದ ಆಲಿವ್ ಕಾಯಿಯನ್ನು ಮನೆಗೆ ತಂದು ಅಮ್ಮನಿಗೆ ಕೊಟ್ಟರೆ, ಕಚ್ಚಿ ನೋಡಿ, "ಇದು ಹಾಳಾದ ಅಂಬಟೆ. ಅಂಗಡಿಯವನಿಗೆ ವಾಪಸು ಕೊಡು," ಎಂದರು.

ಆ ಭಾನುವಾರ ಜಗಲಿಯಲ್ಲಿ ಊಟದ ಮೇಜು ಹಾಕಿ, ನನ್ನ ಸ್ಟೀಲ್ ಡಬ್ಬಗಳನ್ನೆಲ್ಲ ಸಾಲಾಗಿ ಇಟ್ಟೆವು. ಸೀನುವವರಿಗೆ ಅಡ್ಡವಾಗಿ ಗಾಜು ಬೇಕಲ್ಲ, ನಮ್ಮವರು ಶೋಕೇಸಿನ ಬಾಗಿಲನ್ನೇ ಬಿಚ್ಚಿ ತಂದು ಎರಡು ಹೂಕುಂಡಗಳಿಗೆ ಒರಗಿಸಿದರು. ಗಾಜಿನ ಮೇಲೆ ಯಾವುದೋ ಕಾಲದಲ್ಲಿ ಅಂಟಿಸಿದ ಗಣಪತಿಯ ಸ್ಟಿಕ್ಕರ್ ಇತ್ತು. ಪದ್ದು ಬಿಳಿ ಕೋಟು, ಕೈಗವಸು ಎಲ್ಲ ತೊಟ್ಟು ನಿಂತಾಗ, ಹಡಗಿನ ಬಾಣಸಿಗನ ಹಾಗೂ ಕಂಡ, ಯಾರದೋ ಆಪರೇಷನ್ನಿಗೆ ತಯಾರಾದ ಹಾಗೂ ಕಂಡ. ಇದನ್ನು ನಂಬಿ ಕೂರುವಷ್ಟು ದಡ್ಡಿ ನಾನಲ್ಲ. ಒಳಗೆ ಕೋರಿರೊಟ್ಟಿ, ಕೋಳಿ ಸಾರು ತಯಾರಿತ್ತು. ಮನೆ ನೋಡಲು ಬಂದವರಿಗೆ ಮನಸ್ಸಿಲ್ಲದಿದ್ದರೆ ಊಟಕ್ಕೆ ನಿಲ್ಲುವುದಿಲ್ಲ, ಬಾಯಾರಿಕೆಗೆ ಕೊಟ್ಟದ್ದು ಕುಡಿದು 'ಒಂದು ಕೆಲಸ ಉಂಟು' ಎಂದು ಏಳುತ್ತಾರೆ. ಊಟಕ್ಕೆ ಕುಳಿತರೆ ಅರ್ಧ ಒಪ್ಪಿಗೆ ಆದಂತೆ. ಆದ್ದರಿಂದ ನನ್ನ ಜೀವವೆಲ್ಲ ಆ ಕೋಳಿಯ ಪಾತ್ರೆಯಲ್ಲಿತ್ತು.

ಮಾವ ಬಂದರು, ಶೈಲಜಾಳ ತಾಯಿ ಗಿರಿಜಕ್ಕ ಬಂದರು, ಹಿಂದಿನಿಂದ ಶೈಲಜಾ. ಬೆಲ್ಲ ನೀರು, ಕುಶಲ ಎಲ್ಲ ಆಯಿತು. ನಮ್ಮವರು ಸಭೆ ಉದ್ಘಾಟಿಸುವ ಗತ್ತಿನಲ್ಲಿ, "ಮಾವ, ಮೊದಲು ನೀವು," ಎಂದು ಮೇಜಿನ ಕಡೆ ಕೈತೋರಿಸಿದರು.

ಪದ್ದು ಬಟ್ಟಲು ಎತ್ತಿಕೊಂಡ. ಹಡಗಿನ ನಗು ನಕ್ಕ. "ಸರ್, ಲೆಟ್ಯೂಸ್ ಹಾಕ್ಲಾ?"

"ಅಯ್ಯೋ, ಬೇಡ ಬೇಡ. ಎಂತಕ್ಕೆ ಇಷ್ಟೆಲ್ಲ ಉಪಚಾರ!"

ಚಿಮಟ ಹಿಂದೆ ಸರಿಯಿತು. "ಸೌತೆಕಾಯಿ?"

"ಬೇಡಪ್ಪ."

"ಟೊಮೆಟೊ? ಕಡಲೆ? ನೀರುಳ್ಳಿ?"

"ಬೇಡ ಬೇಡ. ನಾವು ಮನೆಯಲ್ಲಿ ತಿಂದೇ ಹೊರಟದ್ದು," ಎಂದು ಮಾವ ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದರು, ಬೆರಳುಗಳ ನಡುವೆ ಧಾರಾಳ ಜಾಗ ಬಿಟ್ಟು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಲ್ಲಿ, ಹುಬ್ಬಲ್ಲಿ, ಸೌಟಲ್ಲಿ ಸನ್ನೆ ಮಾಡಿದೆ. ಪದ್ದು ನೋಡಲಿಲ್ಲ. ಗಿರಾಕಿಯಿಂದ ಕಣ್ಣು ಕೀಳಬಾರದೆಂದು ಅವನಿಗೆ ತರಬೇತಿಯಾಗಿತ್ತು. ಅನಾನಸಿನ ತನಕ ಎಲ್ಲವನ್ನೂ ಕೇಳಿದ, ಎಲ್ಲದಕ್ಕೂ ಬೇಡ ಎನ್ನಿಸಿಕೊಂಡ. ಕೊನೆಗೆ ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, "ಎಂಜಾಯ್, ಸರ್," ಎಂದು ಮಾವನ ಕೈಗಿಟ್ಟ.

ಮಾವ ಬಟ್ಟಲಿನ ಒಳಗೆ ನೋಡಿದರು. ಅಡಿಯಲ್ಲಿ ನನ್ನ ಹೆಸರು ಕೊರೆಸಿದ್ದು ಬಿಟ್ಟರೆ ಎಂತದೂ ಇರಲಿಲ್ಲ.

ಗಿರಿಜಕ್ಕನ ಸರದಿ. ಅವರು ಮಾವನಿಗಿಂತ ಹೆಚ್ಚು ಮರ್ಯಾದಸ್ಥರು, ಬೇಡ ಎಂದು ಎರಡು ಹೆಜ್ಜೆ ಹಿಂದೆಯೇ ಹೋದರು. ಕೊನೆಗೆ ಒತ್ತಾಯಕ್ಕೆಂಬಂತೆ, "ಒಂದೇ ಒಂದು ಸಾಕು," ಎಂದರು. ಪದ್ದು ಒಂದೇ ಒಂದು ಆಲಿವ್ ಹಾಕಿ ಕೊಟ್ಟ.

"ಹಾಕು ಮಾರಾಯ!" ನಮ್ಮವರು ಹಲ್ಲುಕಚ್ಚಿ ಪಿಸುಗುಟ್ಟಿದರು.

"ಅವರು ಬೇಡ ಅಂದ್ರಲ್ಲ ಬಾವ?"

"ಬೇಡ ಅಂದ್ರೆ ಹಾಕುದು, ಗೊತ್ತಿಲ್ವಾ ನಿಂಗೆ?"

"ಎಂತದಾದ್ರೂ ಹೆಚ್ಚುಕಮ್ಮಿ ಆದ್ರೆ?"

ಮಾವ ಖಾಲಿ ಬಟ್ಟಲನ್ನು ಸದ್ದಾಗುವ ಹಾಗೆ ಕೆಳಗಿಟ್ಟರು. "ನೋಡಿ, ನಮ್ಮಲ್ಲಿ ಮನೆಗೆ ಬಂದವರ ಹತ್ತಿರ ಬೇಕಾ ಬೇಡವಾ ಅಂತ ಕೇಳುವ ಕ್ರಮ ಇಲ್ಲ. ಆಗ್ಲಿ. ಕಾರ್ಕಳದಲ್ಲಿ ಒಂದು ಕೆಲಸ ಉಂಟು. ಹೊರಡುವಾ ಗಿರಿಜಾ."

ಅಮ್ಮ ಕುರ್ಚಿಯಲ್ಲೇ ದೇವರನ್ನು ಕರೆಯಲು ಶುರುಮಾಡಿದರು. ಪದ್ದುವಿನ ಮುಖದ ಹಡಗಿನ ನಗು ಹಾಗೆಯೇ ಉಳಿದಿತ್ತು, ಅದರ ಹಿಂದಿನ ಮನುಷ್ಯ ಮಾತ್ರ ಬಿಳಿಚಿಕೊಂಡಿದ್ದ. ಮುಂದಿನ ಕರೆ ಬಂದರೆ ಇವನು ಮತ್ತೆ ಹಡಗು ಹತ್ತುತ್ತಾನೆ, ಇಳಿಯುವಾಗ ಇನ್ನೂ ಸ್ವಲ್ಪ ತಲೆ ನರೆತಿರುತ್ತದೆ, ಅಷ್ಟೇ.

ಆಗ ಶೈಲಜಾ ಹೇಳಿದಳು: "ಮಾವ, ನಂದು ಆಗ್ಲಿಲ್ಲ."

ಎದ್ದು ಬಂದು ಮೇಜಿನ ಎದುರು ನಿಂತಳು.

ಪದ್ದು ಇನ್ನೊಂದು ಬಟ್ಟಲು ಎತ್ತಿಕೊಂಡ. "ಮೇಡಂ, ಲೆಟ್ಯೂಸ್?"

"ಬೇಡ."

"ಸೌತೆಕಾಯಿ?"

"ಬೇಕು. ತೆಳು ಬೇಡ, ದಪ್ಪದ್ದು."

ಗಿರಿಜಕ್ಕ ಹಿಂದಿನಿಂದ ಅವಳ ಸೆರಗು ಎಳೆದರು. "ಹಾಗೆಲ್ಲ ಹೇಳ್ಬಾರ್ದು ಮಗಾ."

"ನೀರುಳ್ಳಿ?"

"ಬೇಡ. ನಂಗೆ ಆಗುದಿಲ್ಲ ಅದು."

"ಆಲಿವ್?"

"ಎಂತ ಅದು? ಒಂದು ಕೊಡಿ, ನೋಡಿ ಹೇಳ್ತೇನೆ." ಕಚ್ಚಿದಳು. ಮುಖ ಹುಳಿಯಾಯಿತು. "ಬೇಡ."

ಪದ್ದು ತಲೆಯಾಡಿಸಿ ಆ ಡಬ್ಬದ ಮುಚ್ಚಳ ಹಾಕಿದ. ಬೇಸರಪಡಲಿಲ್ಲ, ಒತ್ತಾಯಿಸಲಿಲ್ಲ, ಒಳ್ಳೆಯದು ತಿನ್ನಿ ಎಂದು ಉಪದೇಶ ಮಾಡಲಿಲ್ಲ. ದಪ್ಪ ಸೌತೆ, ಬೇಯಿಸಿದ ಕಡಲೆ, ಅನಾನಸು; ಮೇಲೆ ಲಿಂಬೆ ಹಿಂಡಿ ಕೊಟ್ಟ. ಅವಳು ಅಲ್ಲೇ ನಿಂತು ಎರಡು ಚಮಚ ತಿಂದು, ಮಾವನ ಕಡೆ ತಿರುಗಿದಳು.

"ಮಾವ, ಆ ಹೆಬ್ರಿಯ ಸಂಬಂಧಕ್ಕೆ ನಾನು ಎಷ್ಟು ಸಲ ಬೇಡ ಅಂದಿದ್ದೆ?"

"ಅದೆಂತಕ್ಕೆ ಈಗ?" ಮಾವ ಗಲಿಬಿಲಿಯಾದರು. "ಅದು ನೀನು ನಾಚಿಕೆಗೆ ಹೇಳಿದ್ದು ಅಂತ ನಾವು..."

"ನಾಚಿಕೆಗೆ ಅಲ್ಲ. ಬೇಡ ಅಂತಲೇ ಬೇಡ ಅಂದದ್ದು. ನೀವು ಹೋಗಿ ಹಾಲ್ ಬುಕ್ ಮಾಡಿದ್ರಿ. ಕೊನೆಗೆ ಅವರೇ ಬಿಟ್ಟದ್ದಕ್ಕೆ ನಾನು ಉಳಿದದ್ದು." ಬಟ್ಟಲನ್ನು ಸ್ವಲ್ಪ ಮೇಲೆತ್ತಿದಳು. "ಇವರಿಗೆ ನೀರುಳ್ಳಿ ಬೇಡ ಅಂದೆ. ಹಾಕ್ಲಿಲ್ಲ ನೋಡಿ."

ರಸ್ತೆಯಲ್ಲಿ ಕಾರ್ಕಳದ ಬಸ್ಸು ಹೋಯಿತು. ಮಾವ ತಮ್ಮ ಖಾಲಿ ಬಟ್ಟಲನ್ನೂ ಅವಳ ಬಟ್ಟಲನ್ನೂ ಒಂದಾದ ಮೇಲೊಂದು ನೋಡಿದರು. ಲೋಕವನ್ನು ಮೊಳೆ, ಸ್ಕ್ರೂ ಎಂದು ಸರಿಯಾಗಿ ಬೇರೆ ಮಾಡಿ ಇಟ್ಟುಕೊಂಡವರು ಅವರು; ಎರಡೂ ಒಂದೇ ಡಬ್ಬದಲ್ಲಿ ಬಿದ್ದಿದ್ದವೆಂದು ಈಗ ಗೊತ್ತಾದ ಹಾಗಿತ್ತು ಮುಖ.

"ಹಾಗಾದ್ರೆ, ಇದು ನಿಂಗೆ...?" ಎಂದು ಕೇಳಿ ನಿಲ್ಲಿಸಿದರು. ನಿಲ್ಲಿಸಿದ್ದು ಉತ್ತರಕ್ಕಾಗಿ ಎಂಬುದನ್ನು ನಾನು ಗಮನಿಸಿದೆ.

ಅವಳು ಮಾವನಿಗೆ ಉತ್ತರ ಕೊಡಲಿಲ್ಲ. ಮೇಜಿನ ಆಚೆಗೆ ನೋಡಿ, "ನೀವು ತಿನ್ನುದಿಲ್ವಾ? ನಾನೊಂದು ಬಟ್ಟಲು ಹಾಕಿ ಕೊಡ್ಲಾ?" ಎಂದಳು.

ಕೌಂಟರಿನ ಈಚೆಯಿಂದ ಅವನನ್ನು ಹಾಗೆ ಕೇಳಿದವರು ಯಾರೂ ಇರಲಿಕ್ಕಿಲ್ಲ. ಪದ್ದು ತಬ್ಬಿಬ್ಬಾದ. ಹಡಗು, ತರಬೇತಿ, ಏಳು ಸಮುದ್ರ ಎಲ್ಲ ಒಂದೇ ಕ್ಷಣಕ್ಕೆ ಕಳಚಿಬಿದ್ದು, ಒಳಗಿನಿಂದ ಅಮ್ಮ ಬೆಳೆಸಿದ ಕಾಪುವಿನ ಹುಡುಗ ಎದ್ದು ಬಂದು ನಾಚಿ ನುಡಿದ:

"ಅಯ್ಯೋ, ಬೇಡ ಬೇಡ."

ಶೈಲಜಾ ಎತ್ತಿದ ಬಟ್ಟಲನ್ನು ಕೆಳಗಿಟ್ಟಳು. "ಸರಿ," ಎಂದಳು.

"ಮಗಾ!" ಎಂದು ಅಮ್ಮ ಕುರ್ಚಿಯಿಂದ ಕೂಗಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು.

"ಅಲ್ಲ, ಅಲ್ಲ! ಬೇಕು!" ಪದ್ದುವಿನ ದನಿ ಕಡಲಿನ ಸದ್ದನ್ನು ಮೀರುವಷ್ಟು ಏರಿತು. "ಬೇಕು. ನಂಗೆ ಬೇಕು."

"ಎಂತೆಂತ ಬೇಕು?"

"ಎಲ್ಲ."

"ನೀರುಳ್ಳಿ?"

ಅವನು ಒಂದು ಗಳಿಗೆ ಯೋಚಿಸಿದ. "ಅದು ಬೇಡ. ಮನೆಯಲ್ಲಿ ಒಬ್ಬರಿಗೆ ಆಗದಿದ್ರೆ ಮತ್ತೆ ಎಂತಕ್ಕೆ?"

ಗಿರಿಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುವೋ, ಆಲಿವ್ವಿನ ಬೀಜ ಉಗುಳಿದ್ದೋ ತಿಳಿಯಲಿಲ್ಲ. ಮಾವ ಹೊರಡಲೆಂದು ಎತ್ತಿಕೊಂಡಿದ್ದ ಕೊಡೆಯನ್ನು ಗೋಡೆಗೆ ಒರಗಿಸಿ, ಕುರ್ಚಿ ಎಳೆದು ಕುಳಿತರು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ನನ್ನನ್ನು ನೋಡಿದರು.

"ಒಳಗೆ ಕೋಳಿ ಸಾರಿನ ಪರಿಮಳ ಬರ್ತಾ ಉಂಟು. ಅದಕ್ಕಾದ್ರೂ ನೀವೇ ಬನ್ನಿ. ನಾನು ಬೇಡ ಅಂತೇನೆ, ನೀವು ಹಾಕ್ತಾ ಇರಿ."